ಎರಡನೇ ತಳ

ಬೈತಖೋಲ ಬಂದರದ ಮೇಲಿನ ಬಾಡಿಗೆ ಕೋಣೆಯಲ್ಲಿ
ಮೂರು ತಿಂಗಳು ನಾನು ಗೆರೆ ಓದಿದೆ.
ಗೋಡೆಯುದ್ದದ ಕಾಗದ, ಕಪ್ಪು ಬಿಳಿ ಕಪ್ಪು ಬಿಳಿ,
ಮಡಿಚಿಟ್ಟ ಸೀರೆಗಳ ಅಂಚಿನ ಹಾಗೆ
ಪದರದ ಮೇಲೆ ಪದರ.

ದೂರದಲ್ಲಿ, ದೇವಗಡದ ದೀಪವೂ ಕಾಣದಷ್ಟು ದೂರದಲ್ಲಿ
ಹಡಗು ನೀರಿಗೆ ಗಾಳಿಯ ಗುಂಡು ಹೊಡೆಯುತ್ತದೆ,
ಹತ್ತು ಸೆಕೆಂಡಿಗೊಮ್ಮೆ.
ಸದ್ದು ಇಳಿಯುತ್ತದೆ. ಕೆಸರಿಗೆ ತಾಗಿ ಒಂದಿಷ್ಟು ಮರಳುತ್ತದೆ,
ಸುಣ್ಣಕಲ್ಲಿಗೆ ತಾಗಿ ಮತ್ತಿಷ್ಟು,
ಉಳಿದದ್ದು ಹಟ ಹಿಡಿದು ಇನ್ನೂ ಕೆಳಗೆ.
ಹಡಗಿನ ಹಿಂದೆ ಆರು ಕಿಲೋಮೀಟರ್ ಬಾಲ,
ಬಾಲದ ತುಂಬ ಕಿವಿ;
ಬಂದದ್ದನ್ನು ಬಂದ ಹೊತ್ತಿನ ಸಮೇತ ಬರೆದುಕೊಳ್ಳುತ್ತವೆ.

ನನ್ನ ಕಾಗದದಲ್ಲಿ ಆಳ ಎಂಬುದಿಲ್ಲ.
ಹೊತ್ತು ಮಾತ್ರ.
ತಡವಾಗಿ ಬಂದದ್ದು ದೂರ ಹೋಗಿತ್ತು
ಎಂದು ನಂಬುವುದೇ ನನ್ನ ಕಸುಬು.

ಎರಡನೇ ಸೆಕೆಂಡಿನಲ್ಲಿ ಕರಿಕಲ್ಲು.
ಯಾವ ಕಾಲದಲ್ಲೋ ಉಕ್ಕಿ ಹರಿದು ಹೆಪ್ಪುಗಟ್ಟಿದ ಬೆಂಕಿ,
ಹಂಡೆಗೆ ಮುಚ್ಚಿದ ಚಪ್ಪಡಿ.
ಅದರ ಕೆಳಗಿನದನ್ನು ಕಂಡೆ ಎಂದವರನ್ನು
ನಮ್ಮವರು ಅರೆಮನಸ್ಸಿನಿಂದ ನೋಡುತ್ತಾರೆ.
ನಾನು ಕಂಡೆ.
ಎರಡೂವರೆ ಸೆಕೆಂಡಿನಲ್ಲಿ, ಕವುಚಿಟ್ಟ ಬೋಗುಣಿಯಂಥ ಉಬ್ಬು.
ಹಳದಿ ಪೆನ್ಸಿಲ್ಲಿನಲ್ಲಿ ಅದರ ಬೆನ್ನು ಸವರಿದೆ,
ಮಗುವಿಗೆ ಎಣ್ಣೆ ಹಚ್ಚಿದಂತೆ, ಎರಡೆರಡು ಸಲ.
ಮುಂಬಯಿಗೆ ಫೋನು ಮಾಡಿದೆ.
ಆ ಕಡೆ ಯಾರೋ ಕುರ್ಚಿ ಸರಿಸಿ ಎದ್ದು ನಿಂತ ಸದ್ದು.

ಮರುದಿನ ಪುಂಡಲೀಕ ತಾಂಡೇಲರು ಬಂದರು.
ಹಡಗಿನ ಬಾಲ ತುಳಿಯದಂತೆ ಬೇರೆ ದೋಣಿಗಳನ್ನು ಅಟ್ಟಲು
ಹನ್ನೊಂದು ದಿನ ಅವರ ಬೋಟು ಕಾವಲಿತ್ತು.
ಪ್ಲಾಸ್ಟಿಕ್ ಚೀಲದಲ್ಲಿ ಡೀಸೆಲ್ ಚೀಟಿಗಳು,
ತುಂಡಾದ ಎರಡು ಬಲೆಗಳ ಲೆಕ್ಕ,
ಕೂರಿ ಎಂದರೂ ಕೂರಲಿಲ್ಲ. ಪಂಚೆ ಒದ್ದೆ.
ಗೋಡೆಯನ್ನೇ ನೋಡುತ್ತ ನಿಂತರು.

"ಬಾಯೋರೆ, ಈ ಮೇಲಿನದು ತಳ ಅಲ್ದಾ?"
ಹೌದು ಎಂದೆ, ಸಮುದ್ರದ ತಳ.
"ಮತ್ತೆ ಇದೂ ಅದೇಯ."
ಅವರ ಬೆರಳು ನನ್ನ ಹಳದಿಯ ಮೇಲಿತ್ತು.
"ನಮ್ಮ ಮೀನಿನ ಪೆಟ್ಟಿಗೆಲೂ ಹೀಗೇ ಬತ್ತದೆ.
ತಳ ಗಟ್ಟಿಯಿದ್ರೆ ಸದ್ದು ಮೇಲೆ ಬಂದು, ನೀರಿನ ನೆತ್ತಿಗೆ ಬಡಿದು
ಇನ್ನೊಂದ್ಸಲ ಹೋಗಿ ಬತ್ತದೆ.
ಹೊಸ ಹುಡುಗ್ರು ಆ ಎರಡನೇ ತಳ ನಂಬಿ ಬಲೆ ಬಿಡ್ತಾರೆ.
ನೋಡಿ, ಸುಳ್ಳಿನ ಗುಡ್ಡ ಯಾವಾಗ್ಲೂ
ಖರೇ ಗುಡ್ಡದ ಎರಡು ಪಟ್ಟು ಎತ್ತರ."

ಸ್ಕೇಲು ಹುಡುಕಿದೆ. ಕೈಯಲ್ಲೇ ಇತ್ತು.
ತಳ, ಒಂದೂಕಾಲು ಸೆಕೆಂಡ್.
ಬೋಗುಣಿ, ಎರಡೂವರೆ.
ಮೇಲೆ ಒಂದು ಬೆರಳಿನ ದಿಬ್ಬ, ಅದರ ನೆಟ್ಟ ಕೆಳಗೆ
ಎರಡು ಬೆರಳಿನ ನನ್ನ ಸಂತೋಷ.
ಮರುದನಿಗಳನ್ನೆಲ್ಲ ಸೋಸಿದ್ದೇವೆ ಎಂದಿದ್ದರು ಕಂಪ್ಯೂಟರಿನವರು.
ನಂಬಿದ್ದೆ. ನಂಬಲು ಮನಸ್ಸಿತ್ತು.
ಎಲ್ಲಿಗೂ ಹೋಗದೆ, ಅಂಗಳದಲ್ಲೇ ಎರಡು ಸುತ್ತು ಹಾಕಿ
ತಡವಾಗಿ ಬಂದಿತ್ತು ಅದು.

"ಹಾಗಾದ್ರೆ ಕೆಳಗೆ ಎಣ್ಣೆ ಇಲ್ವಾ?"
ಗೊತ್ತಿಲ್ಲ ಎಂದೆ.
"ಹಾಗೇ ಬರೀರಿ ಮತ್ತೆ."
ಇಷ್ಟು ಹೇಳಿ ಬಲೆಯ ಚೀಟಿ ಮುಂದಿಟ್ಟರು.
ಸಹಿ ಹಾಕಿದೆ. ನೋಟುಗಳನ್ನು ಎಣಿಸಿದರು,
ಎರಡನೇ ಸಲ ಎಣಿಸಿದರು,
ಎರಡು ಸಲವೂ ಒಂದು ಬಲೆಗಾಗುವಷ್ಟೇ ಇತ್ತು.
ಏನೂ ಅನ್ನದೆ ಮೆಟ್ಟಿಲಿಳಿದರು.

ಸಂಜೆ ರಬ್ಬರಿನಿಂದ ಉಜ್ಜಿದೆ.
ಹಳದಿ ಹೋಯಿತು, ಹೋದ ಕಡೆ ಕಾಗದ ನವಿರೆದ್ದು ನಿಂತಿತು.
ಕೆಳಗೆ ಬಂದರದಲ್ಲಿ ಬಂಗಡೆ ಇಳಿಸುವ ಗದ್ದಲ, ಮಂಜುಗಡ್ಡೆ ಒಡೆಯುವ ಸದ್ದು,
ಪ್ರತಿ ಏಟೂ ಎದುರಿನ ಗುಡ್ಡಕ್ಕೆ ಬಡಿದು
ಸ್ವಲ್ಪ ತಡೆದು ಕೋಣೆಗೆ ಬರುತ್ತಿತ್ತು.
ವರದಿಯ ಕೊನೆಗೆ ಒಂದು ಸಾಲು ಬರೆದೆ:
ಕರಿಕಲ್ಲಿನ ಕೆಳಗೆ ಏನೂ ಕಾಣಲಿಲ್ಲ.
ಏನೂ ಇಲ್ಲ ಎಂದು ಇದರ ಅರ್ಥವಲ್ಲ.
ಎರಡನೇ ವಾಕ್ಯವನ್ನು ಹೊಡೆದು ಹಾಕಿ,
ಸ್ವಲ್ಪ ಹೊತ್ತು ಕೂತು,
ಮತ್ತೆ ಬರೆದೆ.